.32 ಆದಮೇಲೆ .357 ಸಾಕು, .44 ಬೇಡ

ಸರ್, ಕಾನ್ಪುರದ .32 (ಇಂಚಿನಲ್ಲಿ ಗುಂಡಿನ ಅಗಲ) ರಿವಾಲ್ವರ್ ಇದೆ, ಗುರಿ ಅಭ್ಯಾಸದ ರೇಂಜಿಗೂ ಮನೆ ರಕ್ಷಣೆಗೂ ಇನ್ನೂ ಜೋರಾದದ್ದು ಬೇಕು, .357 ಮ್ಯಾಗ್ನಮ್ಮೋ .44 ಮ್ಯಾಗ್ನಮ್ಮೋ (ಎರಡೂ ಜಾಸ್ತಿ ಜೋರಿನ ಗುಂಡು) ಅಂತ ಕೇಳಿದ್ದೀರಿ. .357 ತಗೊಳ್ಳಿ, 4 ಇಂಚು ಬ್ಯಾರಲ್, ಪೂರ್ತಿ ಉಕ್ಕಿನ ಫ್ರೇಮ್. 158 ಗ್ರೇನ್ (ಸುಮಾರು 10 ಗ್ರಾಂ) ತೂಕದ ಗುಂಡು ಸೆಕೆಂಡಿಗೆ ಸುಮಾರು 1,200 ಅಡಿ ವೇಗದಲ್ಲಿ ಹೋಗುತ್ತೆ, ಶಕ್ತಿ ನಿಮ್ಮ .32ರ ಸುಮಾರು ನಾಲ್ಕು ಪಟ್ಟು. .44ರ ಒದೆತಕ್ಕೆ ಎರಡನೇ ಗುಂಡು ಗುರಿಗೆ ಬರೋದು ತಡ. ಗೋಡೆಗೆ ಗೋಡೆ ಅಂಟಿರೋ ಬೆಂಗಳೂರಿನ ಮನೆಗಳಲ್ಲಿ ಗುರಿ ತಪ್ಪಿದ ಗುಂಡು ಪಕ್ಕದ ಮನೆಯೊಳಗೇ ಹೋದೀತು, ಈ ವಿಷಯದಲ್ಲಿ .357 ಕೂಡ ಕಮ್ಮಿ ಅಪಾಯದ್ದಲ್ಲ.

ಇಲ್ಲಿ ಸಿಗೋದು ಹೆಚ್ಚಾಗಿ ಹಳೇ ಆಮದು ಗನ್ನುಗಳೇ, ಹಾಗಾಗಿ ಪರೀಕ್ಷೆ ಮಾಡದೆ ದುಡ್ಡು ಕೊಡಬೇಡಿ. ಖಾಲಿ ಅಂತ ಎರಡು ಸಲ ನೋಡಿ. ಸಿಲಿಂಡರ್ (ಗುಂಡು ತುಂಬೋ, ತಿರುಗೋ ಭಾಗ) ಮೇಲೆ ಬೆರಳನ್ನು ಹಗುರಾಗಿ ಒತ್ತಿಟ್ಟು ಹ್ಯಾಮರನ್ನು ನಿಧಾನ ಎಳೆಯಿರಿ. ಹ್ಯಾಮರ್ ಕೂರೋ ಮುಂಚೆಯೇ ಸಿಲಿಂಡರ್ 'ಟಿಕ್' ಅಂತ ಲಾಕ್ ಆಗಬೇಕು, ಆರೂ ಕೋಣೆಗಳಲ್ಲಿ. ಆಗದಿದ್ದರೆ ಗುಂಡು ಬ್ಯಾರಲ್ಲಿನ ಅಂಚಿಗೆ ಉಜ್ಜಿ ಸೀಸದ ಚೂರು ಪಕ್ಕಕ್ಕೆ ಹಾರುತ್ತೆ. ಸಿಲಿಂಡರಿಗೂ ಬ್ಯಾರಲ್ಲಿಗೂ ನಡುವಿನ ಸಂದಿ ಫೀಲರ್ ಗೇಜಿನಲ್ಲಿ (ಸಂದಿ ಅಳೆಯೋ ತೆಳು ಲೋಹದ ಪಟ್ಟಿಗಳು) 0.1ರಿಂದ 0.2 ಮಿ.ಮೀ. ಇರಲಿ.

ಸ್ಮಿತ್ ಅಂಡ್ ವೆಸನ್ ಮಾಡೆಲ್ 19 ಸಿಕ್ಕರೆ ಟಾರ್ಚ್ ಹಿಡಿದು ಬ್ಯಾರಲ್ ಹಿಂಬದಿಯ ಕೆಳ ಅಂಚು ನೋಡಿ. ಅಲ್ಲಿ ಲೋಹ ತೆಳು. 125 ಗ್ರೇನಿನ ಹಗುರ, ಆದರೆ ಜೋರಾಗಿ ಮದ್ದು ತುಂಬಿದ ಗುಂಡುಗಳಿಂದ ಬಿರುಕು ಬಿಡುತ್ತೆ. ಮಾಡೆಲ್ 686 ಅಥವಾ ರೂಗರ್ ಜಿಪಿ100 ಈ ಹೊಡೆತ ತಡೆಯುತ್ತವೆ.

ಮುಂಗಡ ಕೊಡೋ ಮೊದಲು ಪೊಲೀಸ್ ಆಯುಕ್ತರ ಕಚೇರಿಯ ಅನುಮತಿ ಆಗಲಿ. ಆಯುಧ ಕಾಯ್ದೆಯ 2019ರ ತಿದ್ದುಪಡಿಯಂತೆ ಒಬ್ಬರಿಗೆ ಎರಡೇ ಬಂದೂಕು. ಕಿವಿಗೆ ಪ್ಲಗ್ ಜೊತೆ ಮಫ್ ಕೂಡ ಹಾಕ್ಕೊಳ್ಳಿ.