ಹಳೆಯ ಎಂಜಿನ್‌ಗೆ ಯಾವ ಕೂಲಂಟ್ ಸರಿ?

ಪ್ರಶ್ನೆ: ನನ್ನ ಬಳಿ 1980ರ ದಶಕದ ಕಾರೊಂದಿದೆ. ಎಂಜಿನ್ ಬ್ಲಾಕ್ ಬೀಡುಕಬ್ಬಿಣದ್ದು, ರೇಡಿಯೇಟರ್ ತಾಮ್ರ ಮತ್ತು ಹಿತ್ತಾಳೆಯದು. ಎಂಜಿನ್ ತಣಿಸಲು ಈಗಿರುವ ಹಸಿರು ಕೂಲಂಟಿನ ಮಟ್ಟ ಆಗಾಗ ಇಳಿಯುತ್ತಿದೆ. ಐದು ವರ್ಷ ಬಾಳಿಕೆಯ ಕೆಂಪು ಕೂಲಂಟನ್ನು ಅದಕ್ಕೇ ಸೇರಿಸಬಹುದೆ?

ಉತ್ತರ: ಸೇರಿಸಬೇಡಿ. ಕೂಲಂಟಿನ ಬಣ್ಣ ತಯಾರಕರು ಬೆರೆಸುವ ವರ್ಣದ್ರವ್ಯವಷ್ಟೆ, ಅದಕ್ಕೆ ಎಲ್ಲರೂ ಪಾಲಿಸುವ ನಿಯಮವೇನೂ ಇಲ್ಲ. ಆದ್ದರಿಂದ ಹಸಿರೋ ಕೆಂಪೋ ಎಂಬುದನ್ನು ಬಿಟ್ಟು, ಡಬ್ಬಿಯ ಮೇಲೆ ತುಕ್ಕುನಿರೋಧಕದ ಬಗೆ ಯಾವುದೆಂದು ಬರೆದಿದೆಯೋ ಅದನ್ನು ಓದಿ.

ಹೆಚ್ಚಿನ ಕೂಲಂಟುಗಳ ಮೂಲದ್ರವ ಎಥಿಲೀನ್ ಗ್ಲೈಕಾಲ್. ವ್ಯತ್ಯಾಸವಿರುವುದು ನಿರೋಧಕಗಳಲ್ಲಿ. ಸಾಂಪ್ರದಾಯಿಕ ಬಗೆಯಲ್ಲಿ ಸಿಲಿಕೇಟ್, ಫಾಸ್ಫೇಟ್ ಮೊದಲಾದ ಅಜೈವಿಕ ಲವಣಗಳು ಲೋಹದ ಮೈಮೇಲೆಲ್ಲ ತೆಳುಪದರವಾಗಿ ಹರಡಿ ರಕ್ಷಣೆ ಕೊಡುತ್ತವೆ, ಆದರೆ ಬೇಗ ಖರ್ಚಾಗುವುದರಿಂದ ಸುಮಾರು ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕಾಗುತ್ತದೆ. ದೀರ್ಘಬಾಳಿಕೆಯ ಬಗೆಯಲ್ಲಿ ಸಾವಯವ ಆಮ್ಲಗಳು ತುಕ್ಕು ಹುಟ್ಟುವ ಜಾಗದಲ್ಲಷ್ಟೇ ವರ್ತಿಸಿ ನಿಧಾನವಾಗಿ ಕರಗುತ್ತವೆ. ಆಧುನಿಕ ಅಲ್ಯೂಮಿನಿಯಂ ಎಂಜಿನ್‌ಗಳಿಗೆ ಇದು ಒಳ್ಳೆಯದೇ. ಹಳೆಯ ರೇಡಿಯೇಟರ್‌ಗಳ ಕೀಲುಗಳನ್ನು ಹಿಡಿದಿಟ್ಟಿರುವ ಸೀಸದ ಬೆಸುಗೆಗೆ ಮಾತ್ರ ಇಂಥ ಕೆಲವು ಕೂಲಂಟುಗಳು ಸಾಕಷ್ಟು ರಕ್ಷಣೆ ಕೊಡುವುದಿಲ್ಲ, ಅವುಗಳಲ್ಲಿರುವ ಕೆಲವು ಆಮ್ಲಗಳು ಭಾಗಗಳ ನಡುವೆ ಸೋರಿಕೆ ತಡೆಯುವ ಹಳೆಯ ಗ್ಯಾಸ್ಕೆಟ್‌ಗಳನ್ನು ಮೆದುವಾಗಿಸುವ ಸಾಧ್ಯತೆಯೂ ಇದೆ. ಎರಡೂ ಬಗೆಗಳನ್ನು ಬೆರೆಸಿದರೆ ದೀರ್ಘಬಾಳಿಕೆಯ ಲಾಭ ಕೈತಪ್ಪುವುದಲ್ಲದೆ, ಕೆಲವೊಮ್ಮೆ ಲೋಳೆಯಂಥ ಗಸಿ ಕಟ್ಟಿ ರೇಡಿಯೇಟರಿನ ಕಿರುನಾಳಗಳು ಮುಚ್ಚಿಹೋಗುತ್ತವೆ.

ವಾಹನದ ಕೈಪಿಡಿಯಲ್ಲಿ ಬೇರೆ ಸೂಚನೆಯಿಲ್ಲದಿದ್ದರೆ, ನಿಮ್ಮ ಕಾರಿಗೆ ಸಿಲಿಕೇಟ್ ಇರುವ ಸಾಂಪ್ರದಾಯಿಕ ಕೂಲಂಟೇ ತಕ್ಕದ್ದು. ಸಾಂದ್ರ ರೂಪದ್ದನ್ನು ಕೊಂಡರೆ ಭಟ್ಟಿ ಇಳಿಸಿದ ನೀರಿನೊಂದಿಗೆ ಸಮಪಾಲಾಗಿ ಬೆರೆಸಿ. ಗಡಸು ನೀರಿನ ಲವಣಗಳು ಬ್ಲಾಕಿನೊಳಗೆ ಗಾರೆಗಟ್ಟುತ್ತವೆ. ಈ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿ ಸೆಲ್ಸಿಯಸ್‌ವರೆಗೆ ಹೆಪ್ಪುಗಟ್ಟದು, ಸಾಮಾನ್ಯ ಒತ್ತಡದಲ್ಲಿ 107 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ಸಾಂದ್ರ ಕೂಲಂಟನ್ನೇ ತುಂಬಿದರೆ ಇನ್ನೂ ಒಳ್ಳೆಯದೆಂದು ಭಾವಿಸುವವರಿದ್ದಾರೆ. ಅದು ತಪ್ಪು: ಗ್ಲೈಕಾಲಿಗೆ ಶಾಖ ಹೊರುವ ಶಕ್ತಿ ನೀರಿಗಿಂತ ಬಹಳ ಕಡಿಮೆ. ಅದು ಒಂಟಿಯಾಗಿದ್ದಾಗ ಮೈನಸ್ 13 ಡಿಗ್ರಿಯ ಹೊತ್ತಿಗೇ ಹೆಪ್ಪುಗಟ್ಟತೊಡಗುತ್ತದೆ.

ಇಷ್ಟಾದರೂ, ಮಟ್ಟ ಆಗಾಗ ಇಳಿಯುತ್ತಿದೆ ಎಂಬ ನಿಮ್ಮ ಮಾತೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಸುಸ್ಥಿತಿಯ ವ್ಯವಸ್ಥೆಯಲ್ಲಿ ಕೂಲಂಟ್ ಸುಮ್ಮನೆ ಕಡಿಮೆಯಾಗುವುದಿಲ್ಲ. ಹೋಸ್‌ಗಳ ಕೀಲು, ವಾಟರ್ ಪಂಪ್, ರೇಡಿಯೇಟರ್ ಕ್ಯಾಪಿನ ರಬ್ಬರ್ ಇವನ್ನು ಮೊದಲು ಪರೀಕ್ಷಿಸಿ. ಸೈಲೆನ್ಸರಿನಿಂದ ಎಡೆಬಿಡದೆ ಬಿಳಿ ಹಬೆ ಬರುತ್ತಿದ್ದರೆ ಅಥವಾ ಎಂಜಿನ್ ಆಯಿಲ್ ಹಾಲಿನಂತೆ ಕದಡಿದ್ದರೆ ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್‌ಗೂ ನಡುವಿರುವ ಹೆಡ್ ಗ್ಯಾಸ್ಕೆಟ್ ಒಡೆದಿರಬಹುದು. ಆಗ ಯಾವ ಕೂಲಂಟೂ ಉಪಯೋಗಕ್ಕೆ ಬಾರದು.

ಸೋರಿಕೆ ಸರಿಪಡಿಸಿದ ಮೇಲೆ, ಎಂಜಿನ್ ಪೂರ್ತಿ ತಣಿದಿರುವಾಗ ಹಳೆಯ ದ್ರವವನ್ನು ಇಳಿಸಿ, ಹೊರಬರುವ ನೀರು ತಿಳಿಯಾಗುವವರೆಗೆ ತೊಳೆದು ಹೊಸದನ್ನು ತುಂಬಿಸಿ. ತೀಕ್ಷ್ಣವಾದ ಆಮ್ಲೀಯ ಕ್ಲೀನರ್ ಬೇಡ: ಹಳೆಯ ರೇಡಿಯೇಟರಿನಲ್ಲಿ ಎಷ್ಟೋ ಸಲ ಸಣ್ಣ ತೂತುಗಳನ್ನು ಮುಚ್ಚಿರುವುದು ಒಳಗೆ ಕಟ್ಟಿರುವ ಗಾರೆಯೇ, ಕ್ಲೀನರ್ ಅದನ್ನೂ ಕರಗಿಸಿಬಿಡುತ್ತದೆ. ಇಳಿಸಿದ ದ್ರವ ವಿಷ, ಅದರ ಸಿಹಿರುಚಿಗೆ ನಾಯಿ ಬೆಕ್ಕುಗಳು ನೆಕ್ಕುವುದುಂಟು. ಅದನ್ನು ಮೋರಿಗೆ ಸುರಿಯದೆ, ಮುಚ್ಚಿದ ಡಬ್ಬಿಯಲ್ಲಿಟ್ಟು ಬಳಸಿದ ಆಯಿಲ್ ಸ್ವೀಕರಿಸುವ ವರ್ಕ್‌ಶಾಪಿನವರನ್ನು ವಿಚಾರಿಸಿ.