ಪ್ರಾಧ್ಯಾಪಕರಿಗೆ ಮ್ಯೂಸಿಯಮ್ಮಿನಲ್ಲೇನು ಕೆಲಸ?

ಹಾವೇರಿ ಜಿಲ್ಲೆಯ ಓದುಗರೊಬ್ಬರು ಕೇಳಿದ್ದಾರೆ: ‘ಪಾಠ, ಸಂಶೋಧನೆ ಬಿಟ್ಟು ಪ್ರಾಧ್ಯಾಪಕರು ವಿಶ್ವವಿದ್ಯಾಲಯದ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನ ಜೋಡಿಸುತ್ತ, ಶಾಲೆಯ ಮಕ್ಕಳಿಗೆ ವಿವರಿಸುತ್ತ ಕೂರುವುದು ಸರಿಯೇ? ಅದಕ್ಕೆ ಸಂಗ್ರಹ ನೋಡಿಕೊಳ್ಳುವ ಕ್ಯುರೇಟರ್ ಇದ್ದಾರಲ್ಲ?’

ಮಾನ್ಯರೇ, ಅದೂ ಸಂಶೋಧನೆಯೇ ಎಂದು ನಾನು ನಂಬಿದ್ದೇನೆ. 1884ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಜನರಲ್ ಪಿಟ್ ರಿವರ್ಸ್ ನಾನಾ ಜನಾಂಗಗಳ ವಸ್ತುಗಳ ತಮ್ಮ ಸಂಗ್ರಹವನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಕೊಟ್ಟಾಗ, ಮಾನವಶಾಸ್ತ್ರದ ಪಾಠಕ್ಕೊಬ್ಬರನ್ನು ನೇಮಿಸಬೇಕೆಂಬ ಷರತ್ತನ್ನೂ ಹಾಕಿದ್ದರು. ಆ ಪಾಠದ ಹುದ್ದೆಗೆ ನೇಮಕವಾದವರು ಮಾನವಶಾಸ್ತ್ರಜ್ಞ ಎಡ್ವರ್ಡ್ ಟೈಲರ್.

ಆದರೆ ವಿದ್ವಾಂಸರಿದ್ದ ಮಾತ್ರಕ್ಕೆ ಎಲ್ಲ ನೆಟ್ಟಗಾಗಲಿಲ್ಲ. ಆ ಸಂಗ್ರಹದಿಂದ ಬೆಳೆದ ಪಿಟ್ ರಿವರ್ಸ್ ಮ್ಯೂಸಿಯಮ್ಮಿನಲ್ಲೇ ಈಶಾನ್ಯ ಭಾರತದ ನಾಗಾ ಜನರ ಪೂರ್ವಜರ ತಲೆಬುರುಡೆಗಳು ಬಹುಕಾಲ ನೋಡುಗರ ಕಣ್ಣೆದುರಿಗಿದ್ದವು. 2020ರಲ್ಲಿ, ಅವೂ ಸೇರಿ ಸುಮಾರು 120 ಮಾನವ ಅವಶೇಷಗಳನ್ನು ಪ್ರದರ್ಶನದಿಂದ ತೆಗೆದರು. ತೆಗೆದದ್ದಾಯಿತು, ಮುಂದೇನು? ಊರಿಗೆ ತಂದರೆ ಎಲ್ಲಿ ಇಡಬೇಕು? ಬಹುಪಾಲು ಕ್ರೈಸ್ತರಾಗಿರುವ ಇಂದಿನ ನಾಗಾ ಜನ ಆ ಹಿರಿಯರನ್ನು ಯಾವ ವಿಧಿಯಲ್ಲಿ ಮಣ್ಣುಮಾಡಬೇಕು? ಇದಕ್ಕೆ ಉತ್ತರ ಯಾವ ಕ್ಯಾಟಲಾಗಿನಲ್ಲೂ ಇಲ್ಲ. ಸ್ವತಃ ನಾಗಾ ಸಮುದಾಯದವರಾದ ಮಾನವಶಾಸ್ತ್ರಜ್ಞರು ಡಾಲಿ ಕಿಕೋನ್ ಮತ್ತು ಅರ್ಕೊಟೊಂಗ್ ಲೊಂಗ್‌ಕುಮರ್, ನಾಗಾ ಗುಂಪುಗಳ ನಡುವೆ ಸಾಮರಸ್ಯಕ್ಕೆ ದುಡಿಯುವ ಫೋರಂ ಫಾರ್ ನಾಗಾ ರಿಕನ್ಸಿಲಿಯೇಶನ್ ಸಂಘಟನೆಯ ಜೊತೆ ಸೇರಿ ಊರಿನ ಜನರ ಮುಂದೆ ಕುಳಿತು ಕೇಳತೊಡಗಿದರು. 2025ರ ಜೂನಿನಲ್ಲಿ ನಾಗಾ ಹಿರಿಯರೇ ಆಕ್ಸ್‌ಫರ್ಡಿಗೆ ಹೋಗಿ ಆ ಅವಶೇಷಗಳ ಎದುರು ನಿಂತರು. ಆ ಗಳಿಗೆಯನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಕ್ಯುರೇಟರ್ ಒಬ್ಬರಿಂದ ಆಗುವ ಕೆಲಸವೇ ಇದು?

ನಮ್ಮ ಮೈಸೂರನ್ನೇ ನೋಡಿ. ವಿಶ್ವವಿದ್ಯಾಲಯದ ಆವರಣ ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸ ಅರಮನೆಯಲ್ಲಿ ಜಾನಪದ ವಸ್ತುಸಂಗ್ರಹಾಲಯ ಬೆಳೆದದ್ದು ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಅಂಥವರು ಹಳ್ಳಿಹಳ್ಳಿ ತಿರುಗಿದ್ದರಿಂದ. ಸೋಮನ ಕುಣಿತದ ಮುಖವಾಡವೊಂದರ ಕೆಳಗೆ ‘ಮರ, ಬಣ್ಣ’ ಎಂದಷ್ಟೇ ಬರೆದರೆ ಅದು ಬರೀ ಮರವೇ. ಗ್ರಾಮದೇವತೆಯ ಮುಂದೆ ಅದನ್ನು ಹೊತ್ತು ಕುಣಿದವರನ್ನು ಕರೆಸಿ, ಅವರ ಮಾತನ್ನು ನಾಲ್ಕು ಸಾಲಿನ ಫಲಕಕ್ಕೆ ಇಳಿಸಿ ನೋಡಿ. ನಲವತ್ತು ಪುಟದ ಪ್ರಬಂಧ ಅದಕ್ಕಿಂತ ಸುಲಭ. ಫಲಕ ತಪ್ಪಾಗಿದ್ದರೆ ಕುಣಿದವರೇ ಅಲ್ಲೇ ತಿದ್ದುತ್ತಾರೆ.

ನಿಮ್ಮ ಒಂದು ಆತಂಕ ಮಾತ್ರ ನಿಜ: ತರಗತಿಗಳ ಹೊರೆ ಹಾಗೇ ಇಟ್ಟು ಇದನ್ನೂ ಹೇರಿದರೆ ಎರಡೂ ಕೆಡುತ್ತವೆ. ಪ್ರದರ್ಶನಕ್ಕೆ ದುಡಿಯುವ ಅಧ್ಯಾಪಕರಿಗೆ ಆ ವರ್ಷ ಪಾಠದ ಗಂಟೆ ಕಡಿಮೆ ಮಾಡಲಿ, ಆ ದುಡಿಮೆಯನ್ನು ಬಡ್ತಿಯ ಲೆಕ್ಕಕ್ಕೂ ಹಿಡಿಯಲಿ.

— ಸಂಪಾದಕ