ಓದುಗರ ಪ್ರಶ್ನೆ: ಡಬ್ಬಿಯಿಲ್ಲದ ಆಟ ಯಾರದ್ದು?

ಪ್ರಶ್ನೆ: ಮಗ ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ರಿಯಾಯಿತಿ ಬಂದಾಗಲೆಲ್ಲ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕಂಪ್ಯೂಟರ್ ಆಟ ಕೊಳ್ಳುತ್ತಾನೆ, ಹಣ ನಾನು ಕಳುಹಿಸುತ್ತೇನೆ. ಸಿಡಿಯೂ ಇಲ್ಲ, ಡಬ್ಬಿಯೂ ಇಲ್ಲ. ಕೇಳಿದರೆ "ಎಲ್ಲ ಖಾತೆಯಲ್ಲಿದೆ ಅಮ್ಮ" ಎನ್ನುತ್ತಾನೆ. ಅವು ನಿಜವಾಗಿ ಅವನದೇ ಆಗುತ್ತವೆಯೇ?
– ಓದುಗರೊಬ್ಬರು, ಬಿಜೈ, ಮಂಗಳೂರು

ಉತ್ತರ: ಇಲ್ಲಮ್ಮ. ಅವನು ಕೊಂಡದ್ದು ಆಡುವ ಪರವಾನಗಿಯನ್ನು ಮಾತ್ರ. ಈಗ ಸ್ಟೀಮ್‌ನವರೇ ಹಣ ಕಟ್ಟುವ ಪುಟದಲ್ಲಿ ಹಾಗೆಂದು ಬರೆದಿದ್ದಾರೆ. ಅಂಗಡಿ ತೆರೆದದ್ದು 2003ರಲ್ಲಿ. ಆ ಸಾಲು ಕಾಣಿಸಿಕೊಂಡದ್ದು 2024ರಲ್ಲಿ, ಕ್ಯಾಲಿಫೋರ್ನಿಯಾ ಸರಕಾರ ಕಾನೂನು ಮಾಡಿದ ಮೇಲೆ! ಖಾತೆಯನ್ನು ಮಾರುವಂತಿಲ್ಲ, ತಮ್ಮನ ಹೆಸರಿಗೆ ಮಾಡಿಕೊಡುವಂತೆಯೂ ಇಲ್ಲ.

ಹಾಗೆಂದು ಸಿಡಿಯ ಕಾಲವನ್ನು ನೆನೆದು ಕಣ್ಣೀರು ಹಾಕುವವನು ನಾನಲ್ಲ. ಹಂಪನಕಟ್ಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸಿದವನು ನಾನು. ಜುಲೈಯಲ್ಲಿ ಜನ ತರುತ್ತಿದ್ದ ಸಿಡಿಗಳ ಮೇಲೆ ಬಿಳಿ ಬೂಷ್ಟು ಹಬ್ಬಿರುತ್ತಿತ್ತು. ಹತ್ತಿಯಿಂದ ಒರೆಸಿದರೆ ಕೆಲವು ಓಡುತ್ತಿದ್ದವು, ಕೆಲವುಗಳ ಹೊಳೆಯುವ ಪದರವೇ ಹತ್ತಿಗೆ ಅಂಟಿಕೊಂಡು ಬರುತ್ತಿತ್ತು. ಸ್ಟೀಮ್‌ನಲ್ಲಾದರೆ ಕಂಪ್ಯೂಟರ್ ಕೆಟ್ಟರೂ ಹೊಸದಕ್ಕೆ ಮತ್ತೆ ಇಳಿಸಿಕೊಳ್ಳಬಹುದು. ಕೊಂಡು 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆಯಿದ್ದರೆ, ಹಿಡಿಸಲಿಲ್ಲ ಎಂಬಷ್ಟಕ್ಕೇ ಹಣ ವಾಪಸು ಕೊಡುತ್ತಾರೆ. ಬಿಚ್ಚಿದ ಡಬ್ಬಿಯನ್ನು ನಮ್ಮ ಪೇಟೆಯಲ್ಲಿ ಯಾರು ಹಿಂದೆ ತೆಗೆದುಕೊಂಡಾರು? ನಾನಂತೂ ತೆಗೆದುಕೊಂಡವನಲ್ಲ.

ನನಗೆ ಅನುಮಾನ ಇರುವುದು ಕಂಪನಿಯ ಸರ್ವರ್ (ಅಂತರ್ಜಾಲದ ಆ ಕಡೆಯಿಂದ ಆಟ ನಡೆಸುವ ಅವರ ಕಂಪ್ಯೂಟರ್) ಇಲ್ಲದೆ ನಡೆಯದ ಆಟಗಳ ಮೇಲೆ. ಯೂಬಿಸಾಫ್ಟ್ ಕಂಪನಿಯ 'ದ ಕ್ರ್ಯೂ' ಎಂಬ ಕಾರು ಓಡಿಸುವ ಆಟ 2014ರಲ್ಲಿ ಬಂದಿತ್ತು. 2024ರ ಮಾರ್ಚ್ 31ಕ್ಕೆ ಅದರ ಸರ್ವರ್ ನಿಲ್ಲಿಸಿದರು. ಒಬ್ಬರೇ ಕುಳಿತು ಆಡುವ ಭಾಗವೂ ಅದರೊಂದಿಗೇ ಹೋಯಿತು. ಡಿಸ್ಕ್ ಕೊಂಡು ಜೋಪಾನವಾಗಿ ಇಟ್ಟುಕೊಂಡವರಿಗೂ ಅದೇ ಗತಿ.

ಆದ್ದರಿಂದ ಮಗನಿಗೆ ಒಂದು ಮಾತು ಹೇಳಿ. ಹೊಸ ಆಟ ಕೊಂಡ ಮೇಲೆ, ಆ ಎರಡು ಗಂಟೆ ತುಂಬುವ ಮೊದಲೇ, ಸ್ಟೀಮನ್ನು ಆಫ್‌ಲೈನ್‌ಗೆ ಹಾಕಿ, ವೈಫೈ ಆರಿಸಿ ಆಟ ತೆರೆದು ನೋಡಲಿ. ತೆರೆಯದಿದ್ದರೆ ಅದಕ್ಕೆ ಸಿನಿಮಾ ಟಿಕೆಟಿನಷ್ಟು ಹಣ ಕೊಡಬಹುದು, ಹೆಚ್ಚು ಬೇಡ; ಹೆಚ್ಚು ಕೊಟ್ಟಿದ್ದರೆ ವಾಪಸು ಕೇಳಲಿ. ತೀರಾ ಮೆಚ್ಚಿದ ಆಟ ಜಿಒಜಿ ತಾಣದಲ್ಲಿ ಸಿಗುವುದಾದರೆ ಅಲ್ಲೇ ಕೊಳ್ಳಲಿ. ಕಾಗದದ ಮೇಲೆ ಅದೂ ಪರವಾನಗಿಯೇ. ಆದರೆ ಬೀಗವಿಲ್ಲದ ಇನ್‌ಸ್ಟಾಲರ್, ಅಂದರೆ ಆಟವನ್ನು ಕಂಪ್ಯೂಟರಿಗೆ ಹಾಕುವ ಫೈಲ್, ಕೊಡುತ್ತಾರೆ. ಹಾರ್ಡ್ ಡಿಸ್ಕಿಗೆ ಇಳಿಸಿಟ್ಟುಕೊಂಡರೆ ಮುಂದೆ ಯಾರ ಅಪ್ಪಣೆಯೂ ಬೇಡ.

ಪ್ರಶ್ನೆ: ಪ್ರತಿ ಮಾರಾಟದಲ್ಲಿ ಸ್ಟೀಮ್ ಶೇ 30ರಷ್ಟು ಇಟ್ಟುಕೊಳ್ಳುತ್ತದಂತೆ. ಇದು ಲೂಟಿಯಲ್ಲವೇ?
– ವಿದ್ಯಾರ್ಥಿ, ಮಣಿಪಾಲ

ಉತ್ತರ: ದೊಡ್ಡವರಿಗೆ ಅಷ್ಟಿಲ್ಲ ಮಾರಾಯರೇ. ಒಂದು ಆಟದ ವ್ಯಾಪಾರ ಒಂದು ಕೋಟಿ ಡಾಲರ್ ದಾಟಿದರೆ ಅಲ್ಲಿಂದ ಮುಂದಕ್ಕೆ ಶೇ 25, ಐದು ಕೋಟಿ ದಾಟಿದರೆ ಶೇ 20. ಬಾಡಿಗೆ ಕೋಣೆಯಲ್ಲಿ ಇಬ್ಬರು ಹುಡುಗರು ನಿದ್ದೆಗೆಟ್ಟು ಮಾಡಿದ ಆಟಕ್ಕೆ ಪೂರ್ತಿ 30. ಲೂಟಿ ಎನ್ನಲಾರೆ, ತಲೆಕೆಳಗಾದ ಲೆಕ್ಕ ಎನ್ನುತ್ತೇನೆ. 2018ರಲ್ಲಿ ಎಪಿಕ್ ಎಂಬ ಆಟದ ಕಂಪನಿಯವರು ಶೇ 12 ಸಾಕು ಎಂದು ಪಕ್ಕದಲ್ಲೇ ಅಂಗಡಿ ಹಾಕಿದರು, ಉಚಿತ ಆಟಗಳನ್ನೂ ಹಂಚತೊಡಗಿದರು. ನಿಮ್ಮ ಹಾಸ್ಟೆಲಿನಲ್ಲೇ ವಿಚಾರಿಸಿ: ಉಚಿತದ್ದನ್ನು ಅಲ್ಲಿ ಬಾಚಿಕೊಂಡು, ದುಡ್ಡು ಕೊಡುವಾಗ ಸ್ಟೀಮ್‌ಗೇ ಮರಳುವವರು ಎಷ್ಟು ಮಂದಿ?